ವಾಚನಾಲಯದಲ್ಲಿ ಓಡಿದ ಲೋಕಲ್

ಇದು ನಿಜವಾಗಿ ನಡೆದದ್ದು. ನಾನು ಹೀಗೆ ಶುರುಮಾಡಿದ ಕೂಡಲೇ ಮುಂಬಯಿಯ ಮಾಟುಂಗದಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ, ಉಳಿದರ್ಧ ಜನ ನಂಬಿದ ಮುಖ ಮಾಡಿಕೊಂಡು ಕಾಫಿ ಬರುವ ತನಕ ಕೂತಿರುತ್ತಾರೆ. ಆದರೆ ಈ ಸಲ ಒಂದು ಕೋಣೆ ತುಂಬ ಸಾಕ್ಷಿಗಳಿದ್ದಾರೆ. ಸುಳ್ಳು ಸೇರಿಸೋಣವೆಂದರೂ ಜಾಗ ಇಲ್ಲ.

ಕೋಣೆಯಿಂದಲೇ ಹೊರಡೋಣ. ಸ್ಟೇಷನ್ನಿನಿಂದ ಹೂವಿನ ಸಾಲು ದಾಟಿ ಬಂದರೆ ನಮ್ಮ ಕನ್ನಡ ಸಂಘದ ಹಳೇ ಕಟ್ಟಡ, ಅದರ ಮಹಡಿಯಲ್ಲಿ ವಾಚನಾಲಯ. ಅದರ ಕಾರ್ಯದರ್ಶಿ ರಾಮಸ್ವಾಮಿಗಳು ಮೈಸೂರಿನ ಕಡೆಯವರು, ವಿಮಾ ಕಂಪನಿಯ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಊರವರಿಗೆಲ್ಲ ವಿಮೆ ಮಾಡಿಸಿ ಮುಗಿಸಿ, ಈಗ ವಾಚನಾಲಯಕ್ಕೆ ಸೀಮೆ ಹಾಕಿಕೊಂಡು ಕೂತಿದ್ದಾರೆ. ಅವರ ಮಾತುಗಳು ಕೆಲವೇ, ಆದರೆ ಎಲ್ಲರಿಗೂ ಬಾಯಿಪಾಠ. ಒಳಗೆ ಕಾಲಿಟ್ಟರೆ, "ಚಪ್ಪಲಿ ಹೊರಗೆ. ಹೊರಗೆ ಅಂದರೆ ಬಾಗಿಲಿನ ಹೊರಗೆ." ಪುಸ್ತಕದ ಬೀರು ಜೋರಾಗಿ ಹಾಕಿದರೆ, "ಮೆಲ್ಲಗೆ, ಮೆಲ್ಲಗೆ. ಇದು ನಿಮ್ಮ ಮನೆ ಕಪಾಟಲ್ಲ." ಕುರ್ಚಿ ಎಳೆದು ಅಲ್ಲೇ ಬಿಟ್ಟರೆ, "ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಎಡವೋರು ಯಾರು?" ಮತ್ತೆ ಪುಸ್ತಕ ಒಂದು ದಿನ ತಡವಾಗಿ ತಂದವರಿಗೆ, "ತಡಾಆ ಅಂದರೆ ತಡವೇ." ಆ 'ತ'ದಿಂದ ಹೊರಟು 'ಅಂದರೆ' ತಲುಪುವಷ್ಟರಲ್ಲಿ ಒಂದು ಸ್ಲೋ ಲೋಕಲ್ ರೈಲು ದಾದರ್ ದಾಟಿರುತ್ತದೆ. ಯಾರಾದರೂ ಒಳ್ಳೆಯ ಕೆಲಸ ಮಾಡಿದರೆ, ಅದೂ ಅಪರೂಪಕ್ಕೆ, ಗಂಟಲು ಸರಿಮಾಡಿಕೊಂಡು "ಹೂಂ. ಆಗಬಹುದು" ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಬಿರುದು ನಮ್ಮ ಸಂಘದಲ್ಲಿ ಇಲ್ಲ.

ನಾನು ವಡಾಲದವಳು, ಹೆಸರು ಇಂಚರಾ. ಅಂಧೇರಿಯ ಡಬ್ಬಿಂಗ್ ಸ್ಟುಡಿಯೊವೊಂದರಲ್ಲಿ ಕೆಲಸ. ಹಿಂದಿಯಲ್ಲಿ ಮಾತಾಡುವ ಸೋಪಿನ ಪುಡಿ, ನೂಡಲ್ಸು, ಸೊಳ್ಳೆಬತ್ತಿಗಳಿಗೆ ಕನ್ನಡ ಕಲಿಸುವುದು. ಬೆಳಿಗ್ಗೆ ಅಜ್ಜಿಯಾಗಿದ್ದರೆ ಮಧ್ಯಾಹ್ನ ಕರಡಿಯಾಗಿರುತ್ತೇನೆ.

ಅಚಿಂತ್ಯ ನನ್ನ ಕಾಲೇಜಿನ ಗೆಳೆಯ. ಹೆಸರಿಗೆ ಅಚಿಂತ್ಯ, ಚಿಂತೆ ಇಲ್ಲದೆ ಇದ್ದದ್ದನ್ನು ನಾನು ನೋಡಿಲ್ಲ. ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನಪ್ಪನದೊಂದು ಗಾಲಾ, ಅಂದರೆ ಒಂದೇ ಶಟರಿನ ಕಾರ್ಖಾನೆ. ಮುಂದೆ ಅಪ್ಪ ಪ್ಲಾಸ್ಟಿಕ್ ಮುಚ್ಚಳ ಮಾಡುತ್ತಿದ್ದರೆ ಹಿಂದೆ ಇವನು ಹಳೇ ವಿಡಿಯೊ ಗೇಮ್‌ಗಳ ಮುಚ್ಚಳ ಬಿಚ್ಚುತ್ತಿದ್ದ. ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ಟಿನ ಆಟಗಳು, ಪಾರ್ಲರಿನಲ್ಲಿ ನಿಂತು ಆಡುವ ಕಪಾಟಿನಂಥ ಯಂತ್ರಗಳು, ಜಪಾನಿನಲ್ಲೇ ಹುಟ್ಟಿ ಜಪಾನಿನಲ್ಲೇ ಮರೆತುಹೋದ ವಿಚಿತ್ರ ಆಟಗಳು, ಎಲ್ಲವನ್ನೂ ಎಲ್ಲೆಲ್ಲಿಂದಲೋ ತಂದು ರಿಪೇರಿ ಮಾಡಿ ಸಾಲಾಗಿ ಇಟ್ಟಿದ್ದ. ಗುಜರಿ ಸಾಮಾನಿಗೆ ಮುಂಬಯಿಯಲ್ಲಿ ಭಂಗಾರ್ ಅನ್ನುತ್ತಾರೆ. ಇವನಿಗೆ ಬಂಗಾರವಾಗಿದ್ದದ್ದು ಅಪ್ಪನಿಗೆ ಭಂಗಾರ್, ನಡುವೆ ಒಂದು ಉಸಿರಿನ ವ್ಯತ್ಯಾಸ ಅಷ್ಟೆ.

ಈ ಮಳೆಗಾಲ ಮುಗಿಯುತ್ತಲೇ ಅಪ್ಪ ಮುಚ್ಚಳದ ವ್ಯಾಪಾರಕ್ಕೇ ಮುಚ್ಚಳ ಹಾಕಿದರು. ಗಾಲಾ ಬಾಡಿಗೆಗೆ ಹೋಗುವುದೆಂದಾಯಿತು. ಯಂತ್ರಗಳಿಗೆ ತಿಂಗಳೊಳಗೆ ಬೇರೆ ಜಾಗ ಸಿಕ್ಕಬೇಕು, ಇಲ್ಲವೆಂದರೆ ಭಂಗಾರ್‌ವಾಲಾ ಗಾಡಿ ತಂದು ಒಯ್ಯುತ್ತಾನೆ. ಅಚಿಂತ್ಯನ ಮನೆಯಲ್ಲಿ ಮಂಚದ ಕೆಳಗೂ ಜಾಗ ಉಳಿದಿರಲಿಲ್ಲ. ಅಳುವವನಲ್ಲ, ಆದರೆ ಆ ವಾರ ಲೋಕಲಿನಲ್ಲಿ ಭೇಟಿಯಾದಾಗ ಅಂಧೇರಿಯಿಂದ ವಡಾಲದ ತನಕ ಯಾವ ಯಂತ್ರಕ್ಕೆ ಭಂಗಾರ್‌ವಾಲಾ ಕಿಲೋಗೆ ಎಷ್ಟು ಕೊಟ್ಟಾನು ಎಂದೇ ಲೆಕ್ಕ ಹಾಕುತ್ತಿದ್ದ.

ನಾನೇ ಅವನನ್ನು ರಾಮಸ್ವಾಮಿಗಳ ಮುಂದೆ ಕೂರಿಸಿದೆ. ವಾಚನಾಲಯದ ಹಿಂದಿನ ಮೂಲೆ ಎಷ್ಟೋ ವರ್ಷದಿಂದ ಖಾಲಿ ಬಿದ್ದಿತ್ತು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದ್ದಿಷ್ಟು: ಒಂದು ತಿಂಗಳು ಭಾನುವಾರದ ಬೆಳಿಗ್ಗೆ ಸದಸ್ಯರಿಗೆ ಆಡಿಸಿ ನೋಡಿ. ಜನ ಬಂದರೆ ಮೂಲೆ ನಿಮ್ಮದು. ಬರದಿದ್ದರೆ ಸ್ಲಿಮ್ಮಿಂಗ್ ಕ್ಲಾಸಿನವರು ಆಗಲೇ ಕೇಳಿ ಹೋಗಿದ್ದಾರೆ. ಆ ಕಡೆಯ ಭಾನುವಾರ ನಾನೇ ಬಂದು ನೋಡುತ್ತೇನೆ. ಉಳಿದ ಭಾನುವಾರ ಅವರು ಚೆಂಬೂರಿನ ಅಕ್ಕನ ಮನೆಗೆ ಹೋಗುವುದು ರೂಢಿ, ಬೀಗದ ಕೈ ಹೆಂಡತಿ ಸುಬ್ಬಲಕ್ಷ್ಮಿಯವರ ಹತ್ತಿರ.

ಮೊದಲ ಭಾನುವಾರ ಹತ್ತಿಪ್ಪತ್ತು ಜನ ಬಂದರು. ಉಪ್ಪಿಟ್ಟಿನ ವಾಸನೆಯೂ ಅದಕ್ಕೆ ಕಾರಣವಿರಬಹುದು. ಅಚಿಂತ್ಯ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಭಾಷಣ ಶುರುಮಾಡಿದ. ಕ್ಲಾಸಿಕ್ ಅಂದರೇನು, ಯಾವ ವರ್ಷ ಯಾವ ಚಿಪ್ಪು ಬಂತು, ಪರದೆಯ ಮೇಲೆ ಬಣ್ಣಗಳು ಎಷ್ಟಿದ್ದವು. ಮುಂಬಯಿಯಲ್ಲೇ ಹುಟ್ಟಿದವನು, ಅವನ ಕನ್ನಡ ಟ್ರ್ಯಾಕ್ ಬದಲಿಸುತ್ತಲೇ ಇರುತ್ತದೆ. ಹಿಂದಿಯಲ್ಲಿ ಹತ್ತಿ ಇಂಗ್ಲಿಷಿನಲ್ಲಿ ಇಳಿಯುತ್ತದೆ. ಬಣ್ಣಗಳ ಹೊತ್ತಿಗೆ ಜನರ ಬಣ್ಣ ಇಳಿದಿತ್ತು. ಭಾಷಣ ಮುಗಿಸಿ ಅವನು ಮುಂದಿಟ್ಟದ್ದು ತನಗೆ ಅತಿ ಪ್ರಿಯವಾದ ಎರಡು ಆಟಗಳನ್ನು. ಒಂದು ಬಾಹ್ಯಾಕಾಶದ ಯುದ್ಧ. ಹೋಟೆಲಿನ ನೀಲಕ್ಕ ವ್ಯಾನಿಟಿ ಬ್ಯಾಗು ಕೆಳಗಿಡುವುದರೊಳಗೆ ಆಟದಲ್ಲಿ ಸತ್ತುಹೋದರು. ಇನ್ನೊಂದು ಚಿತ್ರವೇ ಇಲ್ಲದ ಆಟ. ಪರದೆಯ ಮೇಲೆ ಬರೀ ಅಕ್ಷರ, ಏನು ಮಾಡಬೇಕೆಂದು ನಾವು ಟೈಪ್ ಮಾಡಬೇಕು. ಸುಬ್ಬಲಕ್ಷ್ಮಿಯವರು 'ದಯವಿಟ್ಟು ಬಾಗಿಲು ತೆಗೆಯಿರಿ, ಧನ್ಯವಾದ' ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿದರು. ಅರ್ಥವಾಗಲಿಲ್ಲ ಅಂತು ಯಂತ್ರ. ಮತ್ತೆ ಇನ್ನಷ್ಟು ವಿನಯವಾಗಿ ಕೇಳಿದರು. ಮತ್ತೆ ಅರ್ಥವಾಗಲಿಲ್ಲ. ಮರ್ಯಾದೆ ತಿಳಿಯದ ಯಂತ್ರ ಎಂದು ಎದ್ದುಬಿಟ್ಟರು.

ಎಲ್ಲಕ್ಕಿಂತ ದೊಡ್ಡ ಅನಾಹುತ ಆಮೇಲೆ ಆಯಿತು. ನೀಲಕ್ಕ, ಅಂದರೆ ನೀಲಾವತಿ, ಉಡುಪಿಯವರು. ಮಾಟುಂಗದ ಅವರ ಮನೆಯವರ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಮಾಟುಂಗದ ಹೆಂಗಸರು ಅರ್ಧಕ್ಕರ್ಧ ಅವರ ಮಾತು ಕೇಳುತ್ತಾರೆ. ಬೆಂಚಿನ ತುದಿಯಲ್ಲಿ ಕೂತು ಮೊಬೈಲಿನಲ್ಲಿ ಬಣ್ಣಬಣ್ಣದ ಮಿಠಾಯಿ ಜೋಡಿಸುವ ಆಟ ಆಡುತ್ತ ಅವರಂದರು, "ನಾವು ಈ ಗೇಮ್ ಗೀಮ್ ಆಡುವವರಲ್ಲ ಮಾರಾಯ. ಇದು ಸುಮ್ಮನೆ ಟೈಂಪಾಸ್." ಸಾವಿರಾರು ಲೆವೆಲ್ ದಾಟಿದ್ದರು ಆಗಲೇ. ಅಚಿಂತ್ಯ ಬಗ್ಗಿ ನೋಡಿ, "ಹೌದು ಆಂಟಿ, ಅದು ಗೇಮೇ ಅಲ್ಲ" ಅಂದುಬಿಟ್ಟ. ತಾನೇ ಹೇಳಿದ ಮಾತನ್ನು ಬೇರೆಯವರು ಒಪ್ಪಿದಾಗ ಬರುವ ಸಿಟ್ಟಿದೆಯಲ್ಲ, ಅದಕ್ಕೆ ಮದ್ದಿಲ್ಲ. ನೀಲಕ್ಕ ಎದ್ದರು. ಅವರ ಹಿಂದೆ ಬೆಂಚು ಪೂರ್ತಿ ಎದ್ದಿತು.

ಉಳಿದದ್ದು ಒಂದು ಪಾತ್ರೆ ಉಪ್ಪಿಟ್ಟು ಮತ್ತು ನಾವಿಬ್ಬರು. ನೀನು ಆಟ ಪರಿಚಯ ಮಾಡಿಕೊಡುತ್ತಿಲ್ಲ, ಪ್ರವೇಶ ಪರೀಕ್ಷೆ ಇಡುತ್ತಿದ್ದೀಯ ಅಂದೆ. ಅವನು ಉಪ್ಪಿಟ್ಟನ್ನು ಚಮಚದಲ್ಲಿ ಚೌಕ ಚೌಕ ಮಾಡುತ್ತ ಕೂತ.

ಮರುದಿನ ಕೆಲಸ ಮುಗಿಸಿ ಜೋಗೇಶ್ವರಿಗೆ ಹೋದೆ. ಗಾಲಾದ ಮೂಲೆಯಲ್ಲಿ ಧೂಳು ಹಿಡಿದ ಒಂದು ಪೆಟ್ಟಿಗೆ ಇತ್ತು, ಅದರ ಮೇಲೆ ಎರಡು ಹಿಡಿ. ಏನಿದು ಎಂದು ಕೇಳಿದರೆ ನಾಚಿಕೊಂಡು ಹೇಳಿದ, "ಅರೇ ಅದು ಬಿಡು ಯಾರ್. ಜಪಾನಿನ ಲೋಕಲ್ ಓಡಿಸೋ ಆಟ. ಬಹಳ ಕಮ್ಮಿ ಜನರಿಗೆ ಸೇರುತ್ತೆ." ಒಂದು ಹಿಡಿ ವೇಗಕ್ಕೆ, ಒಂದು ಬ್ರೇಕಿಗೆ. ಗುಂಡು ಹಾರಿಸುವುದಿಲ್ಲ, ರಾಕ್ಷಸರಿಲ್ಲ. ಹೊತ್ತಿಗೆ ಸರಿಯಾಗಿ ಸ್ಟೇಷನ್ ತಲುಪಬೇಕು, ಪ್ಲಾಟ್‌ಫಾರಂನ ಗುರುತಿಗೆ ಸರಿಯಾಗಿ ನಿಲ್ಲಿಸಬೇಕು, ಪ್ರಯಾಣಿಕರಿಗೆ ಧಕ್ಕೆಯಾಗಬಾರದು. ಅಷ್ಟೇ ಆಟ. ನಾನು ಒಂದು ಸ್ಟೇಷನ್ ಓಡಿಸಿದೆ. ಗುರುತು ದಾಟಿ ಅರ್ಧ ರೈಲು ಆಚೆ ನಿಂತಿತು. ಜಪಾನಿಯಲ್ಲಿ ಯಾರೋ ಹೆಂಗಸು ಏನೋ ಹೇಳಿದಳು.

ಲೋಕಲಿಗೆ ಜೋತುಬಿದ್ದೇ ಬದುಕುವ ಊರಿನಲ್ಲಿ ಲೋಕಲ್ ಓಡಿಸುವ ಆಟ ಯಾರಿಗೂ ಸೇರುವುದಿಲ್ಲವೆಂದು ಇದನ್ನು ಧೂಳಿಗೆ ಹಾಕಿದ್ದ ಮಹಾನುಭಾವ. ಇದನ್ನೇ ಇಡು ಅಂದೆ. ಜಪಾನಿ ಯಾರಿಗೂ ತಿಳಿಯುವುದಿಲ್ಲವಲ್ಲ ಅಂದ. ನಕಲು ಡಿಸ್ಕಿನಲ್ಲಿ ಆ ಘೋಷಣೆಗಳನ್ನು ತೆಗೆದು ಬೇರೆ ಧ್ವನಿ ಕೂರಿಸಲು ಅವನಿಗೆ ಬರುತ್ತಿತ್ತು. ಕನ್ನಡದಲ್ಲಿ ಒಂದಿಷ್ಟು ಸಾಲು ರೆಕಾರ್ಡ್ ಮಾಡಿಕೊಡು, ಸ್ಟೇಷನ್ನಿನ ಆ ಮೃದು ಹೆಂಗಸಿನ ಧ್ವನಿಯಲ್ಲಿ ಎಂದು ಕೇಳಿಕೊಂಡ. ಆಗಲಿ ಅಂದೆ.

ಶನಿವಾರ ಸಂಜೆ ಧ್ವನಿ ಕಳಿಸಿದೆ. ಬೇಕೆಂದೇ ಶನಿವಾರ ಸಂಜೆ, ಬೇರೆ ಮಾಡಿಸಿಕೊಳ್ಳಲು ಹೊತ್ತಿರಬಾರದೆಂದು. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು.

"ಇಂಚರಾ, ಈ ಧ್ವನಿ ರಾಮಸ್ವಾಮಿ ಅಂಕಲ್‌ದು."

"ಅಲ್ಲ, ಅವರ ಹಾಗೆ ಮಾಡಿದ್ದು ನಾನೇ."

"ನನ್ನ ಮೂಲೆ ಹೋಯ್ತು. ಸಬ್ ಖತಮ್."

ಅವರು ಭಾನುವಾರ ಚೆಂಬೂರಿನಲ್ಲಿರುತ್ತಾರೆ, ಕಡೆಯ ವಾರದೊಳಗೆ ಮೃದು ಹೆಂಗಸನ್ನು ತಂದು ಕೂರಿಸುತ್ತೇನೆ ಎಂದು ಸಮಾಧಾನ ಮಾಡಿದೆ. ಬೆಳಗಾದರೆ ಅವನು ಇನ್ನೊಂದು ಕೆಲಸವನ್ನೂ ಮಾಡಬೇಕಾಗಿತ್ತು. ನೀಲಕ್ಕನ ಹೋಟೆಲಿಗೆ ಹೋಗಿ, ಕ್ಷಮಿಸಿ ಅನ್ನುವ ಬದಲು, ನಿಮ್ಮ ಮಿಠಾಯಿ ಆಟ ನನಗೆ ಕಲಿಸಿಕೊಡಿ ಆಂಟಿ ಅಂದ. ನೀಲಕ್ಕ ಕಲಿಸಿದರು. ಅವನು ಮತ್ತೆ ಮತ್ತೆ ಸೋತ, ನಿಜವಾಗಿಯೇ ಸೋತ. ಕೊನೆಗೆ ಅವರೇ ಅವನ ಫೋನಿಗೆ ಆಟ ಮುಂದುವರಿಸಲು ಒಂದು ಜೀವ ಕಳಿಸಿಕೊಟ್ಟು, ಒಂದು ಪ್ಲೇಟ್ ಗೋಳಿಬಜೆ ತಿನ್ನಿಸಿ, ಎಂತ ಉಂಟು ನೋಡುವ ಎಂದು ಬೆಂಚಿನವರನ್ನೆಲ್ಲ ಕರೆದುಕೊಂಡು ಬಂದರು.

ಈ ಸಲ ಭಾಷಣ ಇರಲಿಲ್ಲ. ನೀಲಕ್ಕ ಸ್ಟೂಲಿನ ಮೇಲೆ ಕೂತು ಹಿಡಿ ಹಿಡಿದರು. ಪರದೆಯಲ್ಲಿ ಹಳಿ ಬಂತು, ಸ್ಪೀಕರಿನಲ್ಲಿ ರಾಮಸ್ವಾಮಿಗಳು ಬಂದರು. "ಚಪ್ಪಲಿ ಹೊರಗೆ. ಹೊರಗೆ ಅಂದರೆ ಬಾಗಿಲಿನ ಹೊರಗೆ." ಕೋಣೆಯಲ್ಲಿದ್ದ ಒಬ್ಬೊಬ್ಬರೂ ಬಾಗಿಲ ಕಡೆ ತಿರುಗಿದರು. ನೀಲಕ್ಕ ಬೆಚ್ಚಿ ಬ್ರೇಕ್ ಎಳೆದರು. "ಮೆಲ್ಲಗೆ, ಮೆಲ್ಲಗೆ. ಇದು ನಿಮ್ಮ ಮನೆ ಕಪಾಟಲ್ಲ." ಆಗ ಶುರುವಾದ ನಗು ಮೂರು ಸ್ಟೇಷನ್ ಹೋಗುವ ತನಕ ನಿಲ್ಲಲಿಲ್ಲ. ಸುಬ್ಬಲಕ್ಷ್ಮಿಯವರು ಮಾತ್ರ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು, ಭುಜ ಅಲುಗುತ್ತಿತ್ತು.

ಬಯ್ಯಿಸಿಕೊಳ್ಳುವುದಕ್ಕೆಂದೇ ಜನ ಆಡಿದರು. ತಡವಾದರೆ ಒಂದು ಬೈಗುಳ, ಗುರುತು ದಾಟಿದರೆ ಇನ್ನೊಂದು. ಆದರೆ ಬೈಗುಳ ಎಷ್ಟು ಹೊತ್ತು ರುಚಿಸುತ್ತದೆ? ನೀಲಕ್ಕ ಒಮ್ಮೆ ಹೇಗೋ ಗುರುತಿಗೆ ಸರಿಯಾಗಿ ನಿಲ್ಲಿಸಿದಾಗ ಸ್ಪೀಕರು ಗಂಟಲು ಸರಿಮಾಡಿಕೊಂಡು "ಹೂಂ. ಆಗಬಹುದು" ಅಂತು. ಅಲ್ಲಿಂದ ಮುಂದೆ ಎಲ್ಲರಿಗೂ ಅದು ಬೇಕಾಯಿತು. ಅಚಿಂತ್ಯ ನನ್ನ ಕಿವಿಯ ಹತ್ತಿರ ಬಂದು, ಇವರು ಈಗ ಗೇಮ್ ಆಡುತ್ತಿದ್ದಾರೆ ಅಂದ. ದೇವಸ್ಥಾನದಲ್ಲಿ ಮಾತಾಡುವ ಧ್ವನಿಯಲ್ಲಿ ಅಂದ.

ಸರದಿಯದು ತೊಂದರೆಯಾಯಿತು. ಅಚಿಂತ್ಯ ಹತ್ತು ಹತ್ತು ನಿಮಿಷದ ಪಾಳಿ ಮಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಬಗೆಹರಿಸಿದವರು ಹನುಮವ್ವ. ಕಲಬುರಗಿ ಕಡೆಯವರು, ಮುನಿಸಿಪಲ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ವಡಾಲದಿಂದ ಹಾರ್ಬರ್ ಲೈನಿನಲ್ಲಿ ಓಡಾಡಿಯೇ ಕೂದಲು ಬೆಳ್ಳಗಾದವರು. ಲೋಕಲಿನ ಲೇಡೀಸ್ ಡಬ್ಬಿಯಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ಸೀಟು ಸಿಗುವ ಕ್ರಮ ಅಲ್ಲಿ ಹೋಗಿಬರುವ ಹೆಂಗಸರಿಗೆಲ್ಲ ಗೊತ್ತು: ಕೂತವಳನ್ನು ಎಲ್ಲಿ ಇಳಿಯುತ್ತೀ ಎಂದು ಕೇಳಬೇಕು, ಅವಳು ಹೇಳಿದ ಕ್ಷಣ ಆ ಸೀಟು ಕೇಳಿದವಳದು. ಆಮೇಲೆ ರಾಣಿ ಬಂದರೂ ಸಿಗುವುದಿಲ್ಲ. ಹನುಮವ್ವ ಸ್ಟೂಲಿನ ಪಕ್ಕ ನಿಂತು ಕೇಳಿದರು, "ನೀಲಮ್ಮ, ಎಲ್ಲಿ ಇಳೀತೀರಿ?" ನೀಲಕ್ಕ ಪರದೆಯಿಂದ ಕಣ್ಣು ತೆಗೆಯದೆ, ಮುಂದಿನ ಸ್ಟೇಷನ್ ಅಂದರು. ಮುಗಿಯಿತು. ಹನುಮವ್ವನನ್ನು ಇನ್ನೊಬ್ಬರು ಕೇಳಿದರು, ಅವರನ್ನು ಮತ್ತೊಬ್ಬರು. ಗಂಡಸರು ಈ ಕ್ರಮ ತಿಳಿಯದೆ ಒಂದು ಗಂಟೆ ಸುಮ್ಮನೆ ನಿಂತೇ ಇದ್ದರು.

ಮುಂದಿನ ವಾರ ಮೆಟ್ಟಿಲ ಮೇಲೂ ಜನ. ಸ್ಟೂಲು ಸಿಗದವರು ಪಕ್ಕದ ಯಂತ್ರಗಳಿಗೆ ಹೋದರು. ಮೇಲಿಂದ ಇಟ್ಟಿಗೆ ಬೀಳುವ ಹಳೇ ಆಟವನ್ನು ಹನುಮವ್ವ ಹಿಡಿದುಕೊಂಡರು. ವಾರ್ಡಿನಲ್ಲಿ ಇಲ್ಲದ ಜಾಗದಲ್ಲಿ ಮಂಚ ಕೂರಿಸಿದ ಕೈ, ಅವರನ್ನು ಸೋಲಿಸಲು ಆ ಇಟ್ಟಿಗೆಗಳಿಗೆ ಸಾಕುಸಾಕಾಯಿತು. ಸುಬ್ಬಲಕ್ಷ್ಮಿಯವರು ಅಕ್ಷರದ ಆಟಕ್ಕೆ ವಾಪಸು ಬಂದು, ಬಾಗಿಲು ತೆಗೆ, ದೀಪ ಹಚ್ಚು, ಒಳಗೆ ಹೋಗು ಎಂದು ಎರಡೆರಡೇ ಪದದಲ್ಲಿ ಟೈಪ್ ಮಾಡುತ್ತ ಗುಹೆ ಮೇಲೆ ಗುಹೆ ದಾಟಿದರು. ಗುಟ್ಟೇನು ಎಂದು ಕೇಳಿದೆ. "ನಮ್ಮ ಯಜಮಾನರ ಹಾಗೆ ಮಾತಾಡಿದರೆ ಇದಕ್ಕೆ ಅರ್ಥವಾಗುತ್ತಮ್ಮ" ಅಂದರು. ಅಚಿಂತ್ಯ ಯಾರಿಗೂ ಚಿಪ್ಪಿನ ಕತೆ ಹೇಳಲಿಲ್ಲ. ಒಬ್ಬೊಬ್ಬರ ಪಕ್ಕ ಹೋಗಿ ನಿಂತು, ಅವರು ಮೊಬೈಲಿನಲ್ಲಿ ಏನಾಡುತ್ತಾರೆಂದು ಕೇಳಿ, ಹಾಗಾದರೆ ಇದನ್ನು ನೋಡಿ ಎಂದು ಕೈಗೆ ಕೊಡುತ್ತಿದ್ದ. ಅವನ ಕನ್ನಡ ಕೂಡ ಟ್ರ್ಯಾಕ್ ಬಿಟ್ಟು ಹೋಗುವುದು ಕಡಿಮೆಯಾಗಿತ್ತು.

ಕಡೆಯ ಭಾನುವಾರಕ್ಕೆ ಮೃದು ಹೆಂಗಸಿನ ಧ್ವನಿ ಸಿದ್ಧವಾಗಿತ್ತು, ಡಿಸ್ಕು ಅಚಿಂತ್ಯನ ಕೈಯಲ್ಲೇ ಇತ್ತು. ರಾಮಸ್ವಾಮಿಗಳು ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದರು, ಹನ್ನೊಂದಕ್ಕೆ ಅಂದರೆ ಹನ್ನೊಂದಕ್ಕೇ. ಆದರೆ ಡಿಸ್ಕು ಬದಲಿಸಲು ನೀಲಕ್ಕ ಬಿಡಲೊಲ್ಲರು. ಇನ್ನೂ ಹೊತ್ತುಂಟು, ಎಲ್ಲರಿಗೂ ಒಂದೊಂದು 'ಆಗಬಹುದು' ಸಿಗಲಿ ಎಂದು ಅಡ್ಡ ಕೂತರು. ಯಾರೂ ಎಣಿಸದಿದ್ದದ್ದು ಇಷ್ಟೇ: ಬೆಳಿಗ್ಗೆಯೇ ಹೋಗಿ ನೋಡಿಕೊಂಡು ಬರಬೇಕಿದ್ದ ಚೆಂಬೂರಿನ ಅಕ್ಕ ತಿರುಪತಿಗೆ ಹೋಗಿದ್ದರು. ರಾಮಸ್ವಾಮಿಗಳಿಗೆ ಅಂದು ಮಾಡಲು ಬೇರೆ ಕೆಲಸವಿರಲಿಲ್ಲ. ಹತ್ತಕ್ಕೇ ಬಂದುಬಿಟ್ಟರು.

ಮೆಟ್ಟಿಲ ಮೇಲೆ ಸದ್ದು ಕೇಳಿಯೇ ಅವರಿಗೆ ಸಿಟ್ಟು ಬಂದಿರಬೇಕು. ವಾಚನಾಲಯದೊಳಗೆ ರೈಲಿನ ಸದ್ದು, ಅದರ ಮೇಲೆ ಹೆಂಗಸರ ಗಲಾಟೆ. ದಡದಡ ಹತ್ತಿ ಬಂದು ಬಾಗಿಲಲ್ಲಿ ನಿಂತರು. ಒಳಗೆ ಸ್ಟೂಲಿನ ಮೇಲೆ ಹಿಡಿ ಹಿಡಿದು ಕೂತವರು ಅವರ ಹೆಂಡತಿ.

ಅಚಿಂತ್ಯ ಸ್ಪೀಕರಿನ ವೈರಿನ ಕಡೆ ಕೈ ಚಾಚಿದ, ನಡುವೆ ಜನ, ಕೈ ತಲುಪಲಿಲ್ಲ. ರಾಮಸ್ವಾಮಿಗಳು ನೇರ ಸ್ಟೂಲಿನ ಹತ್ತಿರ ಹೋಗಿ, ಏನಿದು ಸುಬ್ಬು, ಏಳು, ನಾನೇ ನೋಡುತ್ತೇನೆ ಅಂದರು. ಸುಬ್ಬಲಕ್ಷ್ಮಿಯವರು ಏಳುವ ಮುಂಚೆ ಹನುಮವ್ವ, ಏಳೋ ಹಂಗಿಲ್ರೀ ಸರ್ರೇ, ಅದು ನಂದು ಬುಕ್ ಆಗೇತ್ರಿ, ನನ್ನ ಹಿಂದೆ ನೀಲಮ್ಮ ಅದಾರ ಅಂದರು. ಸಂಘದಲ್ಲಿ ರಾಮಸ್ವಾಮಿಗಳಿಗೆ ಇಲ್ಲ ಅಂದವರನ್ನು ನಾನು ನೋಡಿದ್ದು ಅದೇ ಮೊದಲು. ಯಾರಲ್ಲಿ ಬುಕ್ ಮಾಡಬೇಕು ಎಂದು ಅವರು ಕೇಳಿದರು, ಗಂಭೀರವಾಗಿಯೇ. ಹೆಂಗಸರೆಲ್ಲ ಸೇರಿ ಕ್ರಮ ವಿವರಿಸಿದರು. ನಿಯಮ ಅಂದರೆ ರಾಮಸ್ವಾಮಿಗಳಿಗೆ ಮನಸ್ಸು ಮೆತ್ತಗಾಗುತ್ತದೆ. ಬಗ್ಗಿ ಹೆಂಡತಿಯನ್ನು ಕೇಳಿದರು, "ಎಲ್ಲಿ ಇಳಿಯುತ್ತೀಯಾ?"

ಹನುಮವ್ವನ ಮನಸ್ಸು ಕರಗಿತು. ತಮ್ಮ ಸರದಿ ಬಿಟ್ಟುಕೊಟ್ಟರು. ನೀಲಕ್ಕನೂ ಕೊಟ್ಟರು. ಸುಬ್ಬಲಕ್ಷ್ಮಿಯವರು ಇಳಿದು ಗಂಡನನ್ನು ಕೂರಿಸಿದರು. ಆಟ ಶುರುವಾಯಿತು.

"ಚಪ್ಪಲಿ ಹೊರಗೆ. ಹೊರಗೆ ಅಂದರೆ ಬಾಗಿಲಿನ ಹೊರಗೆ."

ರಾಮಸ್ವಾಮಿಗಳು ಕಾಲು ನೋಡಿಕೊಂಡರು. ಸಿಟ್ಟಿನ ಭರದಲ್ಲಿ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದರು. ಮುಖ ಕೆಂಪಾಯಿತು. ಎದ್ದು ಹೋಗಿ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ವಾಪಸು ಬಂದರು. ಅಷ್ಟರಲ್ಲಿ ಸ್ಟೂಲಿನ ಮೇಲೆ ಸುಬ್ಬಲಕ್ಷ್ಮಿಯವರು ಕರ್ಚೀಫು ಹಾಕಿ ಜಾಗ ಹಿಡಿದಿದ್ದರು.

ನಾನು ಗೋಡೆಗೆ ಒರಗಿ ನಿಂತೆ. ಅದು ತಮ್ಮದೇ ಧ್ವನಿಯೆಂದು ರಾಮಸ್ವಾಮಿಗಳಿಗೆ ಗೊತ್ತೇ ಆಗಿರಲಿಲ್ಲ. ಸ್ಟುಡಿಯೊದಲ್ಲಿ ಇದನ್ನು ದಿನಾ ನೋಡುತ್ತೇನೆ; ನಮ್ಮ ಧ್ವನಿ ನಮಗೆ ಒಳಗಿನಿಂದ ಕೇಳಿಸುವುದೇ ಬೇರೆ, ಹೊರಗಿನಿಂದ ಬಂದರೆ ಅದು ಯಾರದೋ ಧ್ವನಿ. ರಾಮಸ್ವಾಮಿಗಳು ಹಿಡಿ ತಳ್ಳಿದರು, ರೈಲು ಹೊರಟಿತು. ಬ್ರೇಕ್ ಜೋರಾಯಿತು. ಮೆಲ್ಲಗೆ, ಮೆಲ್ಲಗೆ ಅಂತು ಸ್ಪೀಕರು. ಹೌದು ಹೌದು ಎಂದು ಅವರು ತಲೆಯಾಡಿಸಿದರು. ಗುರುತು ದಾಟಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಅಂತು. ನನ್ನದೇ ತಪ್ಪು ಅಂದರು. ಮುಂದಿನ ಸ್ಟೇಷನ್ನಿಗೆ ಕೆಲವು ಸೆಕೆಂಡು ತಡವಾಯಿತು, ತಡಾಆ ಅಂದರೆ ತಡವೇ ಎಂದು ಬಯ್ಯಿಸಿಕೊಂಡರು. ಸ್ಟೂಲು ಮುಂದಕ್ಕೆ ಎಳೆದುಕೊಂಡರು, ಕನ್ನಡಕ ಒರೆಸಿಕೊಂಡರು. ನಮ್ಮ ಹಿಂದೆ ಯಾರೋ ಕೆಮ್ಮಿದರು, ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತು. ಮತ್ತೊಂದು ಸ್ಟೇಷನ್ ಬಂತು. ಉಸಿರು ಬಿಗಿಹಿಡಿದು ಬ್ರೇಕನ್ನು ಕೂದಲೆಳೆಯಷ್ಟು ಎಳೆದರು. ರೈಲು ಗುರುತಿಗೆ ಬಂದು ತೊಟ್ಟಿಲ ಹಾಗೆ ನಿಂತಿತು.

"ಹೂಂ. ಆಗಬಹುದು."

ರಾಮಸ್ವಾಮಿಗಳು ಹಿಂದಕ್ಕೆ ತಿರುಗಿದರು. ಶಾಲೆಯಲ್ಲಿ ಬಹುಮಾನ ಬಂದ ಮಕ್ಕಳ ಮುಖ ಹಾಗಿರುತ್ತದೆ. ಅಚಿಂತ್ಯನನ್ನು ಹತ್ತಿರ ಕರೆದರು. "ಆಟ ಅಂದರೆ ಹೊತ್ತು ಹಾಳು ಅಂತ ತಿಳಿದಿದ್ದೆ. ಇದು ಹೊತ್ತಿಗೆ ಬೆಲೆ ಕೊಡೋ ಆಟ. ಮೂಲೆ ನಿನ್ನದಪ್ಪ. ಆದರೆ ಈ ಮನುಷ್ಯ ಯಾರು? ಬಹಳ ಶಿಸ್ತಿನವನು. ಇಂಥವನೊಬ್ಬ ಸಂಘದಲ್ಲಿ ಇದ್ದಿದ್ದರೆ ನನಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ."

ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸಲೀಸಾಗಿತ್ತು. ಮೂಲೆ ಸಿಕ್ಕಿತ್ತು, ಡಿಸ್ಕು ಬದಲಿಸಿ ಮುಗಿಸಬಹುದಿತ್ತು. ಅಚಿಂತ್ಯನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು, ಏನೂ ಹೇಳಬೇಡ ಎಂದು. ಆದರೆ ಕೋಣೆಯಲ್ಲಿ ಎಲ್ಲರ ತುಟಿಯೂ ಅದುರುತ್ತಿತ್ತು, ಆ ಮನುಷ್ಯ ಒಬ್ಬರೇ ನಡುವೆ ಖುಷಿಯಾಗಿ ಕೂತಿದ್ದರು. ಅದನ್ನು ನೋಡಲಾರದೆ ಹೋದವರು ಸುಬ್ಬಲಕ್ಷ್ಮಿಯವರು. ಹತ್ತಿರ ಹೋಗಿ ಅವರ ಭುಜದ ಮೇಲೆ ಕೈಯಿಟ್ಟರು.

"ರೀ, ಅದು ನೀವೇ."

"ನಾನೇ ಅಂದರೆ?"

"ನಿಮ್ಮ ಧ್ವನಿ ಕಣ್ರೀ. ಈ ಇಂಚರಾ ಮಾಡಿರೋದು."

ಅವರು ನನ್ನತ್ತ ನೋಡಿದರು. ಪರದೆಯಲ್ಲಿ ರೈಲು ಪ್ಲಾಟ್‌ಫಾರಂ ಬಿಟ್ಟು ತನ್ನ ಪಾಡಿಗೆ ನಿಧಾನವಾಗಿ ಹೊರಟಿತ್ತು, ಯಾರೂ ಓಡಿಸುತ್ತಿರಲಿಲ್ಲ. ಅಚಿಂತ್ಯ ಬಗ್ಗಿ ಪ್ಲಗ್ಗಿನ ಹತ್ತಿರ ಕೂತ, ಎಲ್ಲ ಬಿಚ್ಚಿ ಕಟ್ಟಿಕೊಂಡು ಹೋಗುವವನ ಹಾಗೆ. ನಾನು ಮುಂದೆ ಬಂದೆ. ಆಟ ಅವನದು, ಧ್ವನಿಯ ಯೋಚನೆ ಪೂರ್ತಿ ನನ್ನದು ಅಂಕಲ್, ಬಯ್ಯುವುದಿದ್ದರೆ ನನ್ನನ್ನೇ ಬಯ್ಯಿರಿ, ಮೂಲೆ ಅವನಿಗಿರಲಿ ಅಂದೆ.

ಅವರು ಬಯ್ಯಲಿಲ್ಲ. ಎಲ್ಲಿ, ನನ್ನ ಮುಂದೆ ಒಮ್ಮೆ ಮಾಡು ಅಂದರು. ಸ್ಟುಡಿಯೊದಲ್ಲಿ ಕರಡಿಯಾಗುವಾಗ ಕರಡಿ ಎದುರಿಗೆ ಕೂತಿರುವುದಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು ಹೇಳಿದೆ, ತಡಾಆ ಅಂದರೆ ತಡವೇ ಎಂದು.

ರಾಮಸ್ವಾಮಿಗಳು ಹುಬ್ಬು ಗಂಟು ಹಾಕಿ ಕೇಳಿಸಿಕೊಂಡರು. ಪತ್ರಿಕೆಯಲ್ಲಿ ಅಚ್ಚಿನ ತಪ್ಪು ಕಂಡಾಗ ಹೀಗೇ ಮಾಡುತ್ತಾರೆ. ನಂತರ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಬೆರಳೆತ್ತಿ, ತೀರ್ಪು ಕೊಡುವ ಧಾಟಿಯಲ್ಲಿ ಶುರುಮಾಡಿದರು. "ಅಲ್ಲಮ್ಮಾ, ಅಷ್ಟು ಎಳೆಯೋದು ನೀನು. ನಾನು ಹಾಗೆ ಯಾವತ್ತೂ ಎಳೆಯೋದಿಲ್ಲ. ನಾನು ಸರಳವಾಗಿ, ತಡಾಆ—"

ಅವರ ಬೆನ್ನ ಹಿಂದೆ, ಓಡಿಸುವವರಿಲ್ಲದ ರೈಲಿನ ಹೊತ್ತು ಅದೇ ಕ್ಷಣಕ್ಕೆ ಮೀರಿತು. ಸ್ಪೀಕರೂ ಶುರುಮಾಡಿತು. ಇಬ್ಬರು ರಾಮಸ್ವಾಮಿಗಳು, ಒಂದೇ ಶ್ರುತಿ, ಒಂದೇ ಎಳೆತ, 'ತ'ದಿಂದ ಒಟ್ಟಿಗೆ ಹೊರಟು 'ಆ'ದ ತುದಿಗೆ ಒಟ್ಟಿಗೆ ಬಂದು ಸೇರಿದರು. "ಅಂದರೆ ತಡವೇ" ಅನ್ನುವುದನ್ನು ಸ್ಪೀಕರು ಒಂದೇ ಮುಗಿಸಿತು. ಇವರ ಬೆರಳು ಮೇಲೆತ್ತಿದ್ದು ಹಾಗೇ ಇತ್ತು, ಬಾಯಿ ತೆರೆದದ್ದು ಹಾಗೇ ಇತ್ತು.

ಮೊದಲು ಅವರ ಹೊಟ್ಟೆ ಅಲುಗಿತು. ಕನ್ನಡಕ ಮೂಗಿನ ತುದಿಗೆ ಜಾರಿತು. ಹನುಮವ್ವ ಇನ್ನು ತಡೆಯಲಾರದೆ ಬೆಂಚಿನ ಮೇಲೆ ಕುಸಿದರು, ನೀಲಕ್ಕ ಗೋಡೆ ಹಿಡಿದರು, ಮೆಟ್ಟಿಲ ಮೇಲಿದ್ದವರು ಏನಾಯಿತೆಂದು ತಿಳಿಯದೆಯೇ ನಗಲು ಶುರುಮಾಡಿದರು. ಅಚಿಂತ್ಯನ ಕೈ ಇನ್ನೂ ಪ್ಲಗ್ಗಿನ ಮೇಲಿತ್ತು. ರಾಮಸ್ವಾಮಿಗಳಿಗೆ ಮಾತು ಹೊರಡುವಂತಿರಲಿಲ್ಲ. ಬಗ್ಗಿ ಅವನ ಕೈಯನ್ನು ಛಟ್ಟನೆ ಹೊಡೆದು ಪ್ಲಗ್ಗಿನಿಂದ ಬಿಡಿಸಿದರು, ಅದೇ ಕೈಯಲ್ಲಿ ಹಿಂದಿನ ಮೂಲೆ ತೋರಿಸಿದರು, ಇನ್ನೊಂದು ಕೈಯಲ್ಲಿ ರೈಲಿನ ಹಿಡಿ ಹುಡುಕಿ ಹಿಡಿದು ಬೇಕೆಂದೇ ಗುರುತು ದಾಟಿಸಿದರು. ಎಡವೋರು ಯಾರು ಎಂದು ಕೇಳಿತು ಸ್ಪೀಕರು. ನಾನೇ, ನಾನೇ ಎಂದು ತೊಡೆ ತಟ್ಟಿಕೊಂಡು, ಹೆಂಡತಿಯ ಸೆರಗಿನಿಂದಲೇ ಕಣ್ಣು ಒರೆಸಿಕೊಂಡು ಅವರು ನಕ್ಕ ಸದ್ದಿಗೆ ಪುಸ್ತಕದ ಬೀರುಗಳ ಗಾಜು ಗಿಲಿಗಿಲಿ ಅಂದಿತು. ಅಷ್ಟು ಜನ ನಕ್ಕರೂ ಕೋಣೆಯಲ್ಲಿ ಕೇಳಿಸುತ್ತಿದ್ದದ್ದು ಅವರೊಬ್ಬರದೇ ನಗು.